ಕಳಿಸಿದವರು, ಕರೆದವರು

ನಮ್ಮ ಆಫೀಸಿನಲ್ಲಿ 'ಮಿಶನ್' ಅನ್ನೋ ಪದಕ್ಕೆ ಭಾರಿ ಡಿಮ್ಯಾಂಡು. ರಿಸೆಪ್ಶನ್ ಹಿಂದಿನ ಗೋಡೆ ಮೇಲೆ ಕಂಪನಿಯ ಮಿಶನ್ ಏನು ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ, ಹೌಸ್‌ಕೀಪಿಂಗ್‌ನವರು ಧೂಳು ಒರೆಸುವಾಗ ಬಿಟ್ಟರೆ ಅದರ ಕಡೆ ಯಾರೂ ನೋಡೋದಿಲ್ಲ. ರಾತ್ರಿ ಎರಡು ಗಂಟೆಗೆ ಕೈಕೊಟ್ಟು ನಮ್ಮನ್ನು ಹಾಸಿಗೆಯಿಂದ ಎಬ್ಬಿಸುವ ಸರ್ವರುಗಳಿಗೆ 'ಮಿಶನ್ ಕ್ರಿಟಿಕಲ್' ಅನ್ನೋ ಬಿರುದಿದೆ. ನಾನು ಹುಟ್ಟಿ ಬೆಳೆದದ್ದು ಗದಗಿನ ಹತ್ತಿರದ ಒಂದು ಹಳ್ಳಿಯಲ್ಲಿ. ಅಲ್ಲಿ ಮಿಶನ್ ಅಂದ್ರೆ ಎರಡೇ. ಒಂದು, ಹಿಟ್ಟು ಬೀಸುವ, ಬಟ್ಟೆ ಹೊಲಿಯುವ ಮಿಶನ್. ಇನ್ನೊಂದು, ಬೆಟಗೇರಿಯ ಮಿಶನ್ ದವಾಖಾನಿ.

ಆ ದವಾಖಾನೆ ಕಟ್ಟಿದ್ದು ಬಾಸೆಲ್ ಮಿಶನ್ನಿನವರು, ಈಗ ಸಿಎಸ್ಐ ಸಭೆಯದು. ಜನರ ಬಾಯಲ್ಲಿ ಇವತ್ತಿಗೂ ಜರ್ಮನ್ ದವಾಖಾನಿಯೇ. ನಮ್ಮ ಮನೆಯಲ್ಲಿ ಅರ್ಧ ಜನ ಅಲ್ಲಿ ಹುಟ್ಟಿದವರು. ಅವ್ವ ಈಗಲೂ ಹೇಳ್ತಾಳೆ, "ಮುಂಜಾನೆದ್ದು ಪ್ರಾರ್ಥನಾ ಮಾಡ್ತಿದ್ರು, ನಾವೂ ಕೈ ಮುಗದು ಕುಂದರ್ತಿದ್ವಿ. ಯಾವ ದೇವ್ರಾದ್ರೇನು, ಕೂಸು ಉಳೀತಲ್ಲ!" ಕೂಸು ಉಳಿದ ಮೇಲೆ ಡಿಸ್ಚಾರ್ಜ್ ಮಾಡಿಸಿಕೊಂಡು ನೇರ ಗದಗಿನ ವೀರನಾರಾಯಣನ ಗುಡಿಗೆ ಹೋಗಿ ಕಾಯಿ ಒಡೆಸಿ ಊರಿಗೆ ಬಂದಿದ್ದಳು. ದವಾಖಾನೆಯವರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆದರೂ ಮುಂದಿನ ಹೆರಿಗೆಗೆ ಅದೇ ಮಂಚ, ಅದೇ ಸಿಸ್ಟರ್, ಅದೇ ಪ್ರಾರ್ಥನೆ.

ಮಿಶನ್ ಅನ್ನೋದು ಲ್ಯಾಟಿನ್ ಮೂಲದ ಪದ, ಅರ್ಥ 'ಕಳಿಸುವುದು'. ಯಾರೋ ಯಾರನ್ನೋ ಎಲ್ಲಿಗೋ ಕಳಿಸುತ್ತಾರೆ. ಇದರ ಬಗ್ಗೆ ನಾನು ತಲೆ ಕೆಡಿಸಿಕೊಂಡದ್ದು ನಮ್ಮ ಟೀಮಿನ ಗೆಳೆಯನೊಬ್ಬನಿಂದಾಗಿ. ಕರಾವಳಿಯ ಪ್ರಾಟೆಸ್ಟೆಂಟ್ ಮನೆತನದವನು, ಇಲ್ಲಿ ಬೆಂಗಳೂರಿನ ತನ್ನ ಚರ್ಚಿನ ಮಿಶನ್ ಕಮಿಟಿಯಲ್ಲಿ ಇದ್ದಾನೆ. ವರ್ಷಕ್ಕೊಮ್ಮೆ ಇವರ ಸಭೆಯಲ್ಲಿ ಒಂದು ಜಗಳ ಖಾಯಂ ಅಂತೆ. ಹಿರಿಯರಿಗೆ ದುಡ್ಡು ದೂರ ಹೋಗಬೇಕು, ಉತ್ತರ ಭಾರತದ ಹಳ್ಳಿಗಳಿಗೆ, ಸಾಧ್ಯವಾದರೆ ಆಫ್ರಿಕಾಕ್ಕೆ. ಹುಡುಗರಿಗೆ ಅದು ಚರ್ಚಿನ ಹಿಂದಿನ ರಸ್ತೆಯ ಶೆಡ್ಡುಗಳಲ್ಲಿ ಇರುವ ಕಟ್ಟಡ ಕಾರ್ಮಿಕರಿಗೆ ಹೋಗಬೇಕು. "ಲೋಕಲ್‌ಗೆ ಎಷ್ಟು, ಗ್ಲೋಬಲ್‌ಗೆ ಎಷ್ಟು? ನೀನು ಹೊರಗಿನವನು ಮಾರಾಯಾ, ನೀನೇ ಒಂದು ಪರ್ಸೆಂಟೇಜ್ ಹೇಳು" ಅಂದ. ಎಕ್ಸೆಲ್ ಶೀಟು ತೆಗೆದು ತೋರಿಸಿದ ಕೂಡ.

ನಾನು ಪರ್ಸೆಂಟೇಜ್ ಹೇಳಲಿಲ್ಲ. ಆದರೆ ಪ್ರಶ್ನೆ ಹಿಡಿದುಕೊಂಡಿತು. ಹೊರಗಿನವನು ಅಂದನಲ್ಲ, ನಾನು ನಿಜವಾಗಿ ಅಷ್ಟು ಹೊರಗಿನವನೇ? ಈ ಕಳಿಸುವ ವ್ಯವಹಾರದ ಇನ್ನೊಂದು ತುದಿಯಲ್ಲಿ ಹುಟ್ಟಿದವನು ನಾನು. ದೂರದ ಯಾವುದೋ ಊರಿನ ಜನ ನೂರಾರು ವರ್ಷ ಹಿಂದೆ ಇದೇ ಥರ ಕೂತು 'ನಮ್ಮೂರಲ್ಲೇ ಬಡವರಿದ್ದಾರೆ, ಅಲ್ಲಿಗ್ಯಾಕೆ' ಅಂತ ತೀರ್ಮಾನ ಮಾಡಿದ್ದರೆ ಬೆಟಗೇರಿಯ ಮಂಚ ಇರುತ್ತಿರಲಿಲ್ಲ.

ಬಾಸೆಲ್ ಮಿಶನ್ ಶುರುವಾದದ್ದು 1815ರಲ್ಲಿ, ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ. ಬಂದವರಲ್ಲಿ ಬಹಳ ಜನ ದಕ್ಷಿಣ ಜರ್ಮನಿಯ ಹಳ್ಳಿಗಾಡಿನವರು, ರೈತರ, ಕುಶಲಕರ್ಮಿಗಳ ಮಕ್ಕಳು. 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನದು ಬದಲಾಗಿ ಬ್ರಿಟಿಷರಲ್ಲದ ಮಿಶನರಿಗಳಿಗೂ ಬಾಗಿಲು ತೆರೆಯಿತು, ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಅನ್ನೋ ಮೂವರು ಮಂಗಳೂರಿಗೆ ಬಂದಿಳಿದರು. ಆಮೇಲಿನದು ನಮಗೆಲ್ಲ ಶಾಲೆಯಲ್ಲಿ ಹೇಳಿಕೊಟ್ಟ ಕಥೆ. ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಡಿಸಿದರು, ಆ ದಿನವನ್ನು ನಾವು ಪತ್ರಿಕಾ ದಿನ ಅಂತ ಆಚರಿಸುತ್ತೇವೆ. ಕಿಟೆಲ್ 1853ರಲ್ಲಿ ಬಂದರು, 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯಿತು, ಸುಮಾರು 70,000 ಪದಗಳು. ಬೆಂಗಳೂರಿನಲ್ಲಿ ಅವರ ಪ್ರತಿಮೆ ಇದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ.

ಇಲ್ಲಿ ನಾವು ಕನ್ನಡಿಗರು ಒಂದು ಜಾಣತನ ಮಾಡಿದ್ದೇವೆ ಅನ್ನಿಸುತ್ತದೆ ನನಗೆ. ನಿಘಂಟು ನಮ್ಮದು, ಪತ್ರಿಕೆ ನಮ್ಮದು, ಮಂಗಳೂರು ಹೆಂಚು ನಮ್ಮದು. ಆ ಮನುಷ್ಯ ಇಲ್ಲಿಗೆ ಯಾಕೆ ಬಂದ ಅನ್ನೋದು ಮಾತ್ರ ನಮ್ಮದಲ್ಲ. ನವೆಂಬರ್ ಭಾಷಣಗಳಲ್ಲಿ ಕಿಟೆಲ್ 'ಕನ್ನಡದ ಸೇವೆಗಾಗಿ ಜರ್ಮನಿಯಿಂದ ಬಂದ ಮಹಾನುಭಾವ' ಆಗಿಬಿಡುತ್ತಾರೆ. ಸ್ವಾಮಿ, ಅವರು ಕನ್ನಡದ ಸೇವೆಗೆ ಬಂದವರಲ್ಲ. ಕ್ರಿಸ್ತನ ಸುವಾರ್ತೆ ಹೇಳೋಕೆ ಬಂದವರು. ಹೇಳಬೇಕಾದರೆ ಜನರ ಮಾತು ಬರಬೇಕು, ಮಾತು ಬರಬೇಕಾದರೆ ಅವರ ಗಾದೆ, ಪದ್ಯ, ಬೈಗುಳ ಎಲ್ಲ ಗೊತ್ತಿರಬೇಕು ಅಂತ ಹೊರಟವರು ಕನ್ನಡದೊಳಗೆ ಕಳೆದುಹೋದರು. ಬೇರು ಕೊಳೆತದ್ದು, ಹಣ್ಣು ಮಾತ್ರ ಸಿಹಿ ಅನ್ನೋ ವಾದ ತೋಟಗಾರಿಕೆಯಲ್ಲೂ ನಿಲ್ಲೋದಿಲ್ಲ.

ಹಾಗಂತ ಬೇರನ್ನು ಪರೀಕ್ಷೆ ಮಾಡಲೇಬಾರದು ಅಂತಲ್ಲ. ಮಾಡಬೇಕು. ಸೇವೆಯ ಒಳಗೆ ಉದ್ದೇಶವೊಂದು ಇದ್ದರೆ ಅದು ಸೇವೆಯೋ ವ್ಯಾಪಾರವೋ? ಇದು ಕ್ರೈಸ್ತರಿಗೆ ಮಾತ್ರ ಕೇಳುವ ಪ್ರಶ್ನೆಯಾಗಿದೆ, ಅದು ಅನ್ಯಾಯ. ನಮ್ಮ ಐಟಿ ಕಂಪನಿಗಳು ಸರ್ಕಾರಿ ಶಾಲೆಗೆ ಶನಿವಾರ ಬಸ್ಸು ಮಾಡಿಕೊಂಡು ಹೋಗಿ ಗೋಡೆಗೆ ಬಣ್ಣ ಬಳಿದು ಬರುತ್ತವಲ್ಲ, ಟೀಶರ್ಟಿನ ಮೇಲೆ ಲೋಗೋ ಇರುತ್ತದೆ. ಆ ಶಾಲೆಗೆ ಬೇಕಾಗಿದ್ದದ್ದು ಗಣಿತದ ಮೇಷ್ಟ್ರು. ಬಣ್ಣ ಬೇಕಾಗಿದ್ದದ್ದು ನಮಗೆ, ಫೋಟೋಕ್ಕೆ. ಉದ್ದೇಶ ಇಲ್ಲದೆ ಯಾರೂ ಯಾರ ಮನೆ ಬಾಗಿಲಿಗೂ ಹೋಗೋದಿಲ್ಲ. ಆದ್ದರಿಂದ ಕೇಳಬೇಕಾದ್ದು ಉದ್ದೇಶ ಇದೆಯೇ ಅಂತ ಅಲ್ಲ. ಬೇಡ ಅಂದವನಿಗೂ ಅದೇ ಔಷಧಿ ಸಿಗುತ್ತದೆಯೇ ಅಂತ. ವೀರನಾರಾಯಣನಿಗೆ ಕಾಯಿ ಒಡೆಸಿದ ನಮ್ಮವ್ವನಿಗೆ ಸಿಕ್ಕಿತು.

ಈ ಪರೀಕ್ಷೆಯನ್ನು ತಮಗೆ ತಾವೇ ಹಾಕಿಕೊಂಡವರೊಬ್ಬರ ಕಥೆ ನನಗೆ ಬಹಳ ಇಷ್ಟ. ಕಥೆ ನಮ್ಮ ಪಕ್ಕದ ಆಂಧ್ರದ್ದು. 1876ರಿಂದ 78ರ ತನಕ ದಕ್ಷಿಣ ಭಾರತವನ್ನು ತಿಂದ ಬರ, ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರದ ಬರ ಅನ್ನುತ್ತಿದ್ದದ್ದು ಇದನ್ನೇ. ಆಗ ಒಂಗೋಲಿನಲ್ಲಿ ಜಾನ್ ಕ್ಲೌ ಅನ್ನೋ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಶನರಿ ಇದ್ದರು. ಅವರ ಸುತ್ತ ಸೇರಿದ್ದವರು ಹೆಚ್ಚಾಗಿ ಮಾದಿಗರು. ಬಕಿಂಗ್‌ಹ್ಯಾಮ್ ಕಾಲುವೆ ತೋಡಿಸುವ ಸರ್ಕಾರದ ಬರಗಾಲದ ಕೆಲಸದಲ್ಲಿ ಮೂರೂವರೆ ಮೈಲಿಯ ಕಂಟ್ರ್ಯಾಕ್ಟನ್ನು ಕ್ಲೌ ತಾವೇ ತಗೊಂಡರು. ಪಾದ್ರಿ ಕಂಟ್ರ್ಯಾಕ್ಟರ್ ಆದರು! ಸಾವಿರಾರು ಜನಕ್ಕೆ ಕೂಲಿ ಸಿಕ್ಕಿತು, ಗಂಜಿಯ ಸಾಲಲ್ಲಿ ಕೈಯೊಡ್ಡದೆ ದುಡಿದು ತಿಂದರು. ಆ ಹದಿನೈದು ತಿಂಗಳ ಹೊತ್ತು, ಕ್ರೈಸ್ತರಾಗುತ್ತೇವೆ ಅಂತ ಬಂದವರಿಗೆ ಕ್ಲೌ ದೀಕ್ಷಾಸ್ನಾನ ಕೊಡಲಿಲ್ಲ. ಹೊಟ್ಟೆಗೂ ನಂಬಿಕೆಗೂ ಗೊಂದಲ ಆಗಬಾರದು ಅಂತ. ಮಳೆ ಬಂತು, ಪರಿಹಾರದ ಕೆಲಸ ಮುಗೀತು, ಇನ್ನು ಕೊಡೋದಕ್ಕೆ ದುಡ್ಡಿಲ್ಲ, ಹೋಗಿ ಅಂದರು. ಜನ ಹೋಗಲಿಲ್ಲ. 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯ ದಂಡೆಯಲ್ಲಿ ಒಂದೇ ದಿನ 2,222 ಜನಕ್ಕೆ ದೀಕ್ಷಾಸ್ನಾನವಾಯಿತು.

ಈ ಕಥೆಯಿಂದ ಎಲ್ಲರಿಗೂ ಸ್ವಲ್ಪ ಕಸಿವಿಸಿ ಆಗುತ್ತದೆ, ಅದಕ್ಕೇ ಇಷ್ಟ. ಕೂಲಿ ಕೊಟ್ಟ ನೆನಪು ಜನರ ಮನಸ್ಸಿನಲ್ಲಿ ಇರಲಿಲ್ಲವೇ ಅಂತ ಟೀಕಾಕಾರರು ಕೇಳಬಹುದು. ಇತ್ತು, ಇರಲೇಬೇಕಲ್ಲ. ಬರದಲ್ಲಿ ಮುಟ್ಟಿಸಿಕೊಂಡವನನ್ನು, ಪಕ್ಕ ನಿಂತವನನ್ನು ಜನ ನೆನಪಿಟ್ಟುಕೊಳ್ಳದೆ ಇನ್ಯಾರನ್ನು ಇಟ್ಟುಕೊಳ್ಳಬೇಕು? 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರದ ಕಾಯಿದೆ ಬಂದಾಗ ಟೀವಿ ಚರ್ಚೆಗಳಲ್ಲಿ 'ಆಮಿಷ' ಅನ್ನೋ ಪದ ಕೇಳಿ ಕೇಳಿ ಸಾಕಾಗಿತ್ತು. ಆ ಪದದ ಹಿಂದೆ ಒಂದು ಅಹಂಕಾರ ಇದೆ. ನನ್ನಂಥ ಮನೆಯವನು ವಿಪಶ್ಯನಕ್ಕೆ ಹೋದರೆ ಅದು 'ಹುಡುಕಾಟ'. ಮಾದಿಗರ ಕೇರಿಯವನು ಚರ್ಚಿಗೆ ಹೋದರೆ ಅಕ್ಕಿ ಮೂಟೆಗೆ ಹೋದ. ನನಗೆ ಆತ್ಮ ಇದೆ, ಅವನಿಗೆ ಹೊಟ್ಟೆ ಮಾತ್ರ! ನಮ್ಮೂರ ಗುಡಿಯ ಹೊಸ್ತಿಲು ದಾಟೋಕೆ ಬಿಡದವರು, ಅವನು ಬೇರೆ ಹೊಸ್ತಿಲು ದಾಟಿದ್ದಕ್ಕೆ ಕಾರಣ ಹುಡುಕುತ್ತಾ ಕೂತಿದ್ದಾರೆ.

ಮಿಶನ್ನಿನವರ ಲೆಕ್ಕವೂ ಎಲ್ಲ ಕಡೆ ಕ್ಲೌ ಅವರಷ್ಟು ಸ್ವಚ್ಛ ಇರಲಿಲ್ಲ. ಮಂಗಳೂರನ್ನೇ ನೋಡಿ. ಅಲ್ಲಿ ಕ್ರೈಸ್ತರಾದವರಲ್ಲಿ ಬಿಲ್ಲವರು ಬಹಳ. ಶೇಂದಿ ಇಳಿಸೋದು ಬಿಡಬೇಕು ಅಂತ ಮಿಶನ್ ಹೇಳಿತು. ಇತ್ತ ಜಾತಿಯವರು, ಮನೆಯವರು ಹೊರಗೆ ಹಾಕಿದರು. ಕಸುಬೂ ಇಲ್ಲ, ಮನೆಯೂ ಇಲ್ಲ. ಉಪದೇಶ ಮಾಡಿದವರ ಮೇಲೆ ಈಗ ಅನ್ನದ ಜವಾಬ್ದಾರಿ ಬಿತ್ತು. ಮೊದಲು ಬೇಸಾಯ ಮಾಡಿಸಿ ನೋಡಿದರು, ಆಮೇಲೆ 1851ರಲ್ಲಿ ನೇಯ್ಗೆ, 1865ರಲ್ಲಿ ಪ್ಲೆಬ್ಸ್ಟ್ ಅನ್ನುವವರು ಜೆಪ್ಪಿನಲ್ಲಿ ನೇತ್ರಾವತಿಯ ದಂಡೆಗೆ ಹೆಂಚಿನ ಕಾರ್ಖಾನೆ ಹಾಕಿದರು. ನದಿಯ ಜೇಡಿಮಣ್ಣು, ಸುತ್ತಲಿನ ಕಾಡಿನ ಕಟ್ಟಿಗೆ, ಹಡಗಿಗೆ ಬಂದರು. ಮಂಗಳೂರು ಹೆಂಚು ಅರ್ಧ ಜಗತ್ತಿನ ಸೂರಾಯಿತು.

ಇದರಲ್ಲಿ ನಾನು ಮೆಚ್ಚುವುದು ಒಂದಿದೆ, ಹೆದರುವುದೂ ಒಂದಿದೆ. ಮೆಚ್ಚುವುದು, ಬದಲಾಗು ಅಂದವರು ಬದಲಾದವನ ಜೊತೆ ನಿಂತರು. ಭಾನುವಾರ ಭಾಷಣ ಮಾಡಿ ಸೋಮವಾರ ರೈಲು ಹತ್ತಲಿಲ್ಲ. ಹೆದರುವುದು, ಪಾದ್ರಿ, ಮಾಲೀಕ, ಮನೆ ಕೊಟ್ಟವನು, ಮಕ್ಕಳ ಶಾಲೆಯವನು ಎಲ್ಲಾ ಒಬ್ಬನೇ ಆದಾಗ ಅವನೆದುರು 'ಇಲ್ಲ' ಅನ್ನೋದು ಹೇಗೆ? ನಮ್ಮ ಕಡೆ ಗೌಡರ ಹೊಲದಲ್ಲಿ ದುಡಿದು, ಗೌಡರ ಹತ್ತಿರವೇ ಸಾಲ ತಗೊಂಡು, ಗೌಡರ ಕಟ್ಟೆಯ ಮೇಲೆ ನ್ಯಾಯ ಕೇಳೋಕೆ ಹೋಗುತ್ತಿದ್ದವರಿಗೆ ಇದರ ರುಚಿ ಗೊತ್ತು. ಗೌಡ ಒಳ್ಳೆಯವನೇ ಇರಬಹುದು. ಆದರೂ. ಕೊನೆಗೆ ಮೊದಲನೇ ಮಹಾಯುದ್ಧದಲ್ಲಿ ಜರ್ಮನರನ್ನು ಬ್ರಿಟಿಷ್ ಸರ್ಕಾರ ಹೊರಗಟ್ಟಿತು, ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ಸಭೆಗಳು ಉಳಿದವು. ಬಹುಶಃ ಆಗಲೇ ಅವು ಇಲ್ಲಿನವರ ಸಭೆಗಳಾಗತೊಡಗಿದ್ದು.

ನನ್ನ ಗೆಳೆಯನಿಗೆ ಇದೇ ಬಾಸೆಲ್ ಮಿಶನ್ನಿನ ಇನ್ನೊಂದು ಮುಖ ಹೇಳಿದೆ, ಅವನಿಗೇ ಗೊತ್ತಿರಲಿಲ್ಲ. ಮಂಗಳೂರಿಗೆ ಬರುವ ಆರು ವರ್ಷ ಮೊದಲೇ, 1828ರಲ್ಲಿ, ಇವರು ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟಿಗೆ, ಅಂದ್ರೆ ಈಗಿನ ಘಾನಾಕ್ಕೆ ಹೋಗಿದ್ದರು. ಜ್ವರಕ್ಕೆ ಒಬ್ಬರಾದ ಮೇಲೆ ಒಬ್ಬರು ಸತ್ತರು. ಅಕ್ರೊಪಾಂಗ್ ಅನ್ನೋ ಊರಿನ ಅರಸ, 'ಬಿಳಿಯರ ಪುಸ್ತಕ ಓದಬಲ್ಲ ಕಪ್ಪು ಮನುಷ್ಯನನ್ನು ತೋರಿಸು, ಆಗ ನೋಡೋಣ' ಅನ್ನೋ ಅರ್ಥದ ಮಾತು ಹೇಳಿದ ಅಂತ ಕಥೆ ಇದೆ. ಅದಕ್ಕೇ 1843ರಲ್ಲಿ ಮಿಶನ್ ಕೆರಿಬಿಯನ್ನಿನ ಜಮೈಕಾ ಮತ್ತು ಆಂಟಿಗುವಾದಿಂದ 24 ಜನ ಕಪ್ಪು ಕ್ರೈಸ್ತರನ್ನು ಕರೆದೊಯ್ದಿತು. ಅವರ ಹಿರಿಯರನ್ನು ಗುಲಾಮರಾಗಿ ಆಫ್ರಿಕಾದಿಂದ ಹಡಗಿಗೆ ತುಂಬಿಕೊಂಡು ಹೋಗಿದ್ದರು, ಇವರು ಮಿಶನರಿಗಳಾಗಿ ಅದೇ ಸಮುದ್ರ ದಾಟಿ ವಾಪಸ್ ಬಂದರು. ಮನೆ ಕಟ್ಟಿದರು, ಕೈಯಲ್ಲಿ ತಂದ ಮಾವಿನ ಸಸಿ ನೆಟ್ಟರು ಅನ್ನುತ್ತಾರೆ. ಮಾವು ಜಮೈಕಾಕ್ಕೆ ಹೋಗಿದ್ದೇ ಹದಿನೆಂಟನೇ ಶತಮಾನದ ಕೊನೆಗೆ, ನಮ್ಮ ಈ ಕಡೆಯ ಮರ. ಕಳಿಸೋದು ಅಂದ್ರೆ ಯುರೋಪಿನಿಂದ ಉಳಿದ ಜಗತ್ತಿಗೆ ನೇರ ಗೆರೆ ಎಳೆದ ಹಾಗೆ ಅಂತ ನಾವು ತಿಳಿದಿರುತ್ತೇವೆ. ಮಾವಿನ ಗೊರಟವೂ ಆ ಗೆರೆ ಕೇಳಿಲ್ಲ. ಅಂದ ಹಾಗೆ, ಅಲ್ಲಿನ ಟ್ವಿ ಭಾಷೆಗೂ ಒಬ್ಬ ಕಿಟೆಲ್ ಇದ್ದರು. ಹೆಸರು ಕ್ರಿಸ್ಟಾಲರ್, ನಿಘಂಟು ಬಂದದ್ದು 1881ರಲ್ಲಿ.

ಕೊಡುವವರ ಕಥೆ ಹೀಗೆ ಸಿಕ್ಕುತ್ತಾ ಹೋಗುತ್ತದೆ. ತಗೊಳ್ಳುವವರು ಬಾಯಿ ಬಿಟ್ಟದ್ದು ಕಡಿಮೆ. 1910ರ ಜೂನ್‌ನಲ್ಲಿ ಎಡಿನ್‌ಬರೋದಲ್ಲಿ ಜಾಗತಿಕ ಮಿಶನರಿ ಸಮ್ಮೇಳನ ನಡೆಯಿತು. ಸುಮಾರು 1,200 ಪ್ರತಿನಿಧಿಗಳು, ಅವರಲ್ಲಿ ಏಷ್ಯಾದವರು ಇಪ್ಪತ್ತರ ಒಳಗೆ. ಆ ಬೆರಳೆಣಿಕೆಯ ಜನರಲ್ಲಿ ತಿರುನೆಲ್ವೇಲಿ ಕಡೆಯ ವಿ. ಎಸ್. ಅಜರಯ್ಯ ಒಬ್ಬರು. ಅಷ್ಟು ದೊಡ್ಡ ಸಭೆಯಲ್ಲಿ ನಿಂತು ಅವರು ಹೇಳಿದ್ದರ ಸಾರ ಇಷ್ಟೇ: ನೀವು ನಮಗಾಗಿ ಆಸ್ತಿ ಕೊಟ್ಟಿದ್ದೀರಿ, ಜೀವವನ್ನೂ ಕೊಟ್ಟಿದ್ದೀರಿ, ಕೃತಜ್ಞರು. ಆದರೆ ನಮ್ಮನ್ನು ಗೆಳೆಯರ ಹಾಗೆ ಕಂಡಿಲ್ಲ. ಮಿಶನರಿ ಬಂಗಲೆಯಲ್ಲಿ ಭಾರತೀಯ ಸಹೋದ್ಯೋಗಿಗೆ ಒಂದು ಊಟ ಹಾಕದವರ ಬಗ್ಗೆ ಅವರ ಸಿಟ್ಟು. ಸಭೆಯಲ್ಲಿ ಹಲವರಿಗೆ ಈ ಮಾತು ಹಿಡಿಸಲಿಲ್ಲ. ಅಜರಯ್ಯ ಬರೀ ಮಾತಾಡಿ ಕೂರಲಿಲ್ಲ. ತಮಿಳಿನವರು ತೆಲುಗು ಕಲಿತು ದೋರ್ನಕಲ್ ಸೀಮೆಯಲ್ಲಿ ಮಾಲ, ಮಾದಿಗರ ನಡುವೆ ದುಡಿದರು. 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದರು.

ಊಟದ ಮಾತು ಬಂತು ಅಂತ ಹೇಳುತ್ತೇನೆ, ಜೊತೆಗೆ ಕೂತು ಉಣ್ಣೋದು ದುಡ್ಡು ಕಳಿಸೋದಕ್ಕಿಂತ ಕಷ್ಟ. ಇದು ಹಳ್ಳಿಯಿಂದ ಬಂದ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಅಜರಯ್ಯನವರ ಮಾತಿಗಿಂತ ಖಡಕ್ಕಾದ ಮಾತು ಬಂದದ್ದು 1971ರಲ್ಲಿ, ಕೆನ್ಯಾದಿಂದ. ಪೂರ್ವ ಆಫ್ರಿಕಾದ ಪ್ರೆಸ್ಬಿಟೇರಿಯನ್ ಚರ್ಚಿನ ಜಾನ್ ಗಾಟು ಅಮೆರಿಕದ ಮಿಲ್ವಾಕಿಗೆ ಹೋಗಿ, ಮಿಶನ್ನಿನ ಬೆಂಬಲಿಗರೇ ತುಂಬಿದ್ದ ಸಭೆಯಲ್ಲಿ, ನಿಮ್ಮ ಮಿಶನರಿಗಳನ್ನು ಕನಿಷ್ಠ ಐದು ವರ್ಷ ವಾಪಸ್ ಕರೆಸಿಕೊಳ್ಳಿ ಅಂದುಬಿಟ್ಟರು. ಜನವೂ ಬೇಡ, ದುಡ್ಡೂ ಬೇಡ, ನಾವು ನಮ್ಮ ಕಾಲ ಮೇಲೆ ನಿಲ್ಲೋದು ಕಲೀಬೇಕು. 1974ರಲ್ಲಿ ಲುಸಾಕಾದಲ್ಲಿ ಸೇರಿದ ಆಫ್ರಿಕಾದ ಚರ್ಚುಗಳ ಸಮ್ಮೇಳನವೂ ಇದನ್ನೇ ಹೇಳಿತು. ಪೂರ್ತಿ ಜಾರಿಗೆ ಬರಲಿಲ್ಲ. ಸಂಬಳ, ಆಸ್ಪತ್ರೆ, ಕಾಲೇಜು ಎಲ್ಲ ಆ ದುಡ್ಡಿನ ಮೇಲೆ ನಿಂತಿದ್ದಾಗ ಹೇಗೆ ಬರುತ್ತದೆ? ಆದರೂ ಆ ಮಾತು ಹೇಳಿದ್ದೇ ದೊಡ್ಡದು. ಸಾಫ್ಟ್‌ವೇರಿನಲ್ಲಿ ನಮಗೂ ಈ ಕಾಯಿಲೆ ಪರಿಚಯ. ಬೇರೆಯವರ ಲೈಬ್ರರಿ ಹಾಕಿಕೊಳ್ಳೋದು ಐದು ನಿಮಿಷದ ಕೆಲಸ, ತೆಗೆಯೋಕೆ ಹೋದರೆ ಇಡೀ ಬಿಲ್ಡ್ ಮುರಿದು ಬೀಳುತ್ತೆ.

ನಿಲ್ಲಿಸೋದಕ್ಕೂ ಒಂದು ಧರ್ಮ ಇದೆ ಅಂತ ನನಗೆ ಅನ್ನಿಸಿದ್ದು ಅಂಡಮಾನಿನ ಘಟನೆಯಿಂದ. 2018ರ ನವೆಂಬರ್‌ನಲ್ಲಿ ಜಾನ್ ಅಲೆನ್ ಚೌ ಅನ್ನೋ 26ರ ಅಮೆರಿಕನ್ ಹುಡುಗ ಮೀನುಗಾರರಿಗೆ ದುಡ್ಡು ಕೊಟ್ಟು ಕಾನೂನು ತಪ್ಪಿಸಿ ನಾರ್ತ್ ಸೆಂಟಿನೆಲ್ ದ್ವೀಪಕ್ಕೆ ಹೋದ, ಅಲ್ಲಿನವರ ಬಾಣಕ್ಕೆ ಬಿದ್ದ. ಆಗ ವಾಟ್ಸಾಪಿನಲ್ಲಿ ಸತ್ತವನ ಮೇಲೆ ಬಂದ ಜೋಕುಗಳು ನನಗೆ ಅಸಹ್ಯ ಅನ್ನಿಸಿದವು. ಅವನು ವರ್ಷಗಟ್ಟಲೆ ತಯಾರಿ ಮಾಡಿದ್ದ, ಪ್ರಾಣ ಹೋಗಬಹುದು ಅಂತ ತಿಳಿದೇ ಹೋದ. ಧೈರ್ಯ, ಪ್ರೀತಿ, ಎರಡನ್ನೂ ಅಲ್ಲಗಳೆಯೋಕೆ ಆಗಲ್ಲ. ಆದರೆ ಆ ಜನ ಶತಮಾನದಿಂದ ಒಂದೇ ಮಾತು ಹೇಳುತ್ತಿದ್ದಾರೆ, ಬಾಣದಲ್ಲಿ ಹೇಳುತ್ತಿದ್ದಾರೆ: ಬರಬೇಡಿ. ಹೊರಗಿನವರ ಒಂದು ನೆಗಡಿ ಅವರ ಊರನ್ನೇ ಮುಗಿಸಬಹುದು. ಇದೇ ದ್ವೀಪಕ್ಕೆ 1991ರಲ್ಲಿ ನಮ್ಮ ಮಾನವಶಾಸ್ತ್ರಜ್ಞರು ಹೋಗಿದ್ದರು. ಕೊಟ್ಟ ತೆಂಗಿನಕಾಯಿಯನ್ನು ಸೆಂಟಿನೆಲಿಗಳು ನೀರಿಗಿಳಿದು ಕೈಯಾರೆ ತಗೊಂಡರು. ದೊಡ್ಡ ಗೆಲುವು ಅಂತ ಮುಂದುವರೆಸಬಹುದಿತ್ತು. ಕೆಲವು ವರ್ಷಗಳಲ್ಲಿ ಸರ್ಕಾರ ಆ ಭೇಟಿಗಳನ್ನೇ ನಿಲ್ಲಿಸಿತು. ನಮ್ಮ ಸರ್ಕಾರ ಮಾಡಿದ ಒಳ್ಳೆಯ ಕೆಲಸಗಳ ಪಟ್ಟಿಯಲ್ಲಿ ಇದನ್ನು ಯಾರೂ ಸೇರಿಸೋದಿಲ್ಲ, ನಾನು ಸೇರಿಸುತ್ತೇನೆ.

ಹಾಗಾದರೆ ಹುಡುಗರದ್ದೇ ಸರಿ, ದೂರ ಬೇಡ, ಚರ್ಚಿನ ಹಿಂದಿನ ರಸ್ತೆ ಸಾಕು ಅಂತಲೇ? ಅಲ್ಲ. 'ಲೋಕಲ್' ಅನ್ನೋದರಲ್ಲೂ ಒಂದು ಮೋಸ ಇದೆ. ಹತ್ತಿರದವರು ಅಂದಾಗ ನಮ್ಮ ಕಣ್ಣಿಗೆ ಬೀಳೋದು ಬಡವರು, ಯಾಕಂದ್ರೆ ಬಡವರಿಗೆ ಕೊಡೋದು ಸುಲಭ. ಗೆಳೆಯನಿಗೆ ಕೇಳಿದೆ, ನಿಮ್ಮ ಸಭೆಯೊಳಗೇ ಜಾತಿ ಹೇಗಿದೆ? ಸ್ವಲ್ಪ ಹೊತ್ತು ಸುಮ್ಮನಿದ್ದ. ಮದುವೆ ಮಾತುಕತೆ ಬಂದಾಗ ಗೊತ್ತಾಗುತ್ತೆ ಅಂದ. ತಮಿಳುನಾಡಿನ ಕೆಲವು ಕಡೆ ಸ್ಮಶಾನದಲ್ಲಿ ದಲಿತ ಕ್ರೈಸ್ತರ ಜಾಗ ಬೇರೆ, ನಡುವೆ ಗೋಡೆ. ಇತ್ತ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಮಾನ್ಯತೆ ಇಲ್ಲ, ಅಲ್ಲಿ ಜಾತಿ ಇಲ್ಲವಲ್ಲ ಅನ್ನೋ ತರ್ಕ. ಸರ್ಕಾರದ ಪ್ರಕಾರ ಇಲ್ಲದ ಜಾತಿ ಹೆಣ ಹೂಳುವಾಗ ಇದೆ. ಮಿಶನ್‌ಗೆ ಇದಕ್ಕಿಂತ ಲೋಕಲ್ ಜಾಗ ಯಾವುದು? ಅಲ್ಲಿಗೆ ಹೋಗೋಕೆ ವೀಸಾ ಬೇಡ, ಬಜೆಟ್ಟೂ ಬೇಡ. ಅದಕ್ಕೇ ಎಕ್ಸೆಲ್ ಶೀಟಿನಲ್ಲಿ ಅದಕ್ಕೊಂದು ಕಾಲಮ್ ಇರಲಿಲ್ಲ.

ಇನ್ನು ದೂರ ಅನ್ನೋದೂ ಮೊದಲಿನ ಹಾಗೆ ದೂರ ಉಳಿದಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವನು ಅಸ್ಸಾಮಿನವನು, ಶೆಡ್ಡುಗಳಲ್ಲಿರುವವರು ಜಾರ್ಖಂಡ್, ಒಡಿಶಾದವರು. ಜರ್ಮನಿಯಲ್ಲಿ ನೂರಾರು ಭಾರತೀಯ ಪಾದ್ರಿಗಳು ಖಾಲಿಯಾಗುತ್ತಿರುವ ಚರ್ಚುಗಳಲ್ಲಿ ಪೂಜೆ ಹೇಳುತ್ತಿದ್ದಾರೆ. ಮಿಜೋರಾಮಿಗೆ ಕ್ರೈಸ್ತಧರ್ಮ ಹೋಗಿದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ, ಇವತ್ತು ಅಲ್ಲಿಂದ ಮಿಶನರಿಗಳು ದೇಶದ ಉಳಿದ ಭಾಗಕ್ಕೂ ಹೊರದೇಶಕ್ಕೂ ಹೋಗುತ್ತಾರೆ. ಖರ್ಚಿಗೆ ದುಡ್ಡು ಎಲ್ಲಿಂದ? ಅಲ್ಲಿನ ಹೆಂಗಸರು ನೂರು ವರ್ಷದಿಂದ ಪ್ರತಿ ಸಲ ಅಡಿಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದಿಡುತ್ತಾರೆ. ಬುಹ್‌ಫಾಯ್ ಥಾಮ್ ಅಂತಾರೆ ಅದಕ್ಕೆ. ಆ ಅಕ್ಕಿ ಕೂಡಿಸಿ ಮಾರಿ ಬಂದ ದುಡ್ಡು ಚರ್ಚಿನ ಕೆಲಸಕ್ಕೆ. ಇದನ್ನು ಓದಿದಾಗ ನನಗೆ ನಮ್ಮೂರೇ ಕಂಡಿತು. ಮಠದ ಪ್ರಸಾದ ನಿಲಯಕ್ಕೆ ಮನೆಮನೆಯಿಂದ ಜೋಳ ಕೂಡಿಸುತ್ತಿದ್ದ ಚಕ್ಕಡಿ, ಸುಗ್ಗಿಯ ಹೊತ್ತಿಗೆ. ನಮ್ಮವ್ವ ಕೊಟ್ಟ ಸೇರು ಜೋಳ ತಿಂದ ಹುಡುಗ ಯಾವೂರವನೋ, ಅವಳಿಗೆ ಗೊತ್ತಿಲ್ಲ. ತಿಳಿಯುವ ಕುತೂಹಲವೂ ಅವಳಿಗೆ ಇರಲಿಲ್ಲ. ಹಿರಿಯರ ಹಟದಲ್ಲಿ ಇರುವ ಸತ್ಯ ಇದು: ಕಣ್ಣಿಗೆ ಕಾಣುವವರಿಗೆ ಮಾತ್ರ ಕೊಡುತ್ತೇನೆ ಅಂದರೆ, ಕೊಟ್ಟಿದ್ದಕ್ಕೆ ಕೈಮುಗಿಯೋದನ್ನೂ ಕಣ್ಣಾರೆ ನೋಡಬೇಕು ಅನ್ನೋ ಆಸೆ ಮೆಲ್ಲಗೆ ಸೇರಿಕೊಳ್ಳುತ್ತೆ.

ಒಂದು ವಿಷಯದಲ್ಲಿ ಮಾತ್ರ ನನಗೂ ಅವನಿಗೂ ಇನ್ನೂ ಒಪ್ಪಿಗೆ ಆಗಿಲ್ಲ. ನಾನು ಅಂದೆ, ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮ ನೋಡು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಟ್ಟಿದ್ದು, ಕಣ್ಣಿಲ್ಲದ ಮಕ್ಕಳಿಗೆ ಜಾತಿ ಕೇಳದೆ ಊಟ, ಸಂಗೀತ. ನೀವೂ ಹಾಗೇ ಮಾಡಿ, ಯೇಸುವಿನ ಮಾತು ಎತ್ತಬೇಡಿ, ಯಾರ ತಕರಾರೂ ಇರೋದಿಲ್ಲ. ಅವನು ನಕ್ಕ. "ಅಲ್ಲಿ ಕಲಿತ ಮಕ್ಕಳು ಏನು ಹಾಡ್ತಾರೆ?" ಅಂದ. ವಚನ ಹಾಡ್ತಾರೆ. "ಹಾಗಾದ್ರೆ ಅವರೂ ತಮ್ಮಲ್ಲಿರೋ ಒಳ್ಳೇದನ್ನ ಬಚ್ಚಿಟ್ಟಿಲ್ಲವಲ್ಲ. ನನಗೆ ನಿಜ ಅಂತ ಕಂಡಿರೋದನ್ನ ಪಕ್ಕದವನಿಗೆ ಹೇಳದೆ ಬರೀ ಅಕ್ಕಿ ಕೊಟ್ಟು ಬರೋದು ಗೌರವವಾ, ಉದಾಸೀನವಾ?" ನನ್ನ ಹತ್ತಿರ ಉತ್ತರ ಪೂರ್ತಿ ಇರಲಿಲ್ಲ. ಹೇಳೋದು ಬೇರೆ, ಕೇಳಲೇಬೇಕಾದ ಸ್ಥಿತಿಯಲ್ಲಿ ಇರುವವನಿಗೆ ಹೇಳೋದು ಬೇರೆ ಅಂತಷ್ಟೇ ಅಂದೆ. ಆಸ್ಪತ್ರೆಯ ಮಂಚದ ಮೇಲೆ ಮಲಗಿದವನು ಎದ್ದು ಹೋಗಲಾರ. ಕಾಫಿ ಕುಡಿಯುತ್ತಾ ನನಗೆ ನೀನು ಏನು ಬೇಕಾದರೂ ಹೇಳು, ನನಗೆ ಬೇಜಾರಾದರೆ ಮೀಟಿಂಗ್ ಇದೆ ಅಂತ ಎದ್ದು ಹೋಗ್ತೀನಿ. "ನೀನು ದಿನಾ ಹಾಗೇ ಹೋಗ್ತೀಯಲ್ಲ" ಅಂದ.

ಮೊನ್ನೆ ಅವರ ಕಮಿಟಿಗೆ ಜಾರ್ಖಂಡಿನ ಒಂದು ಸಣ್ಣ ಸಭೆಯಿಂದ ಕಾಗದ ಬಂದಿದೆಯಂತೆ. ಇವರು ವರ್ಷಾ ವರ್ಷಾ ದುಡ್ಡು ಕಳಿಸುವ ಜಾಗ. ಪ್ರತಿ ಬೇಸಿಗೆಯಲ್ಲಿ ಹತ್ತು ದಿನಕ್ಕೆ ಬಂದು ಮಕ್ಕಳಿಗೆ ಶಿಬಿರ ಮಾಡಿ ಫೋಟೋ ತೆಗೆದುಕೊಂಡು ಹೋಗುವ ತಂಡ ಈ ವರ್ಷ ಬೇಡ ಅಂತ ಬಹಳ ವಿನಯದಿಂದ ಬರೆದಿದ್ದಾರೆ. ಬದಲಿಗೆ ಒಬ್ಬರು ಸಾಕು, ಎರಡು ವರ್ಷ ಅಲ್ಲೇ ಇರುವವರು, ಶಾಲೆಯಲ್ಲಿ ಲೆಕ್ಕ ಕಲಿಸುವವರು. ಹಿಂದಿ ಬಂದರೆ ಸಾಲದು, ಸಂತಾಲಿ ಕಲಿಯೋಕೆ ಮನಸ್ಸಿರಬೇಕು. ಜೊತೆಗೆ ಇನ್ನೊಂದು ಸಾಲು: ನಮ್ಮೂರ ಮೂವರು ಹುಡುಗರು ನಿಮ್ಮ ಬೆಂಗಳೂರಿನಲ್ಲೇ ಕಟ್ಟಡದ ಕೆಲಸಕ್ಕೆ ಇದ್ದಾರೆ, ಸಾಧ್ಯವಾದರೆ ಒಂದು ಭಾನುವಾರ ಮನೆಗೆ ಕರೆದು ಊಟ ಹಾಕಿ. ವಿಳಾಸ ಚರ್ಚಿನ ಹಿಂದಿನ ರಸ್ತೆಯದೇ.

ಊಟಕ್ಕೆ ಆರು ಮನೆಯವರು ಹೆಸರು ಕೊಟ್ಟಿದ್ದಾರೆ. ಎರಡು ವರ್ಷಕ್ಕೆ ಇನ್ನೂ ಯಾರೂ ಕೊಟ್ಟಿಲ್ಲ.